ಟೋಲ್ಕಿನ್ ಆದಮೇಲೆ ಏನು ಓದಬೇಕು? ಶಿಫಾರಸು ಕಟ್ಟಿದ ಒಂದು ವಂಶಾವಳಿ

ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1965ರಲ್ಲಿ ಅಮೆರಿಕದಲ್ಲಿ ಅಗ್ಗದ ಪೇಪರ್‌ಬ್ಯಾಕ್ ಆಗಿ ಬಂದಿತು. ಅದನ್ನು ಓದಿ ಮುಗಿಸಿದವರ ಕೈಗೆ ಮುಂದೇನು ಕೊಡುವುದು? ಬ್ಯಾಲಂಟೈನ್ ಪ್ರಕಾಶನ ಇದಕ್ಕೆ ಉತ್ತರವನ್ನು ಹೆಚ್ಚಾಗಿ ಹಳೆಯ ಪುಸ್ತಕಗಳಲ್ಲೇ ಹುಡುಕಿತು. 1969ರ ಮೇ ತಿಂಗಳಿಂದ 1974ರವರೆಗೆ ನಡೆದ ಅದರ ‘ಅಡಲ್ಟ್ ಫ್ಯಾಂಟಸಿ’ ಮಾಲೆಗೆ ಲಿನ್ ಕಾರ್ಟರ್ ಸಂಪಾದಕರು. (‘ಅಡಲ್ಟ್’ ಎಂದರೆ ಮಕ್ಕಳ ಪುಸ್ತಕವಲ್ಲ ಎಂದಷ್ಟೇ ಅರ್ಥ.) ಮುಖಪುಟದಲ್ಲಿ ಯೂನಿಕಾರ್ನಿನ ಪುಟ್ಟ ತಲೆ, ಒಳಗೆ ಕಾರ್ಟರ್ ಬರೆದ ಪೀಠಿಕೆ.

ನಮ್ಮಲ್ಲಿ ಮುನ್ನುಡಿ ಎಂದರೆ ಬಹುಮಟ್ಟಿಗೆ ಹಿರಿಯರು ಹೊಸಬರ ಬೆನ್ನು ತಟ್ಟುವ ಬರಹ. ಕಾರ್ಟರರ ಪೀಠಿಕೆಗಳು ಹಳಬರಿಗೆ ಹೊಸ ಸಂಬಂಧಿಕರನ್ನು ಹುಡುಕಿಕೊಟ್ಟವು. 1894ರಲ್ಲಿ ‘ದಿ ವುಡ್ ಬಿಯಾಂಡ್ ದಿ ವರ್ಲ್ಡ್’ ಬರೆದ ವಿಲಿಯಂ ಮಾರಿಸ್ ಮೂಲಪುರುಷ, ಆಮೇಲೆ ಡನ್ಸನಿ, ಎಡಿಸನ್, ಕೊನೆಗೆ ಟೋಲ್ಕಿನ್. 1973ರಲ್ಲಿ ಇದೇ ಮಾಲೆಯಲ್ಲಿ ಬಂದ ಕಾರ್ಟರರ ‘ಇಮ್ಯಾಜಿನರಿ ವರ್ಲ್ಡ್ಸ್’ ಈ ಸಾಲನ್ನೇ ಪ್ರಕಾರದ ಚರಿತ್ರೆಯಾಗಿ ನಿರೂಪಿಸಿತು. ಓದುಗರು ಟೋಲ್ಕಿನ್ನರಿಂದ ಹಿಂದಕ್ಕೆ ನಡೆದ ದಾರಿಯೇ, ತಿರುಗಿಸಿ ಬರೆದಾಗ, ಪ್ರಭಾವದ ದಾರಿಯಂತೆ ಕಾಣತೊಡಗಿತು ಎಂಬುದು ನನ್ನ ವಾದ.

ಆ ಸಾಲಿಗೆ ಒಗ್ಗದ ಪುಸ್ತಕವೊಂದನ್ನು ನೋಡೋಣ: ಹೋಪ್ ಮಿರ್ಲೀಸ್ ಅವರ ‘ಲಡ್-ಇನ್-ದ-ಮಿಸ್ಟ್’ (1926). ಇಲ್ಲಿ ಖಡ್ಗವೀರರಿಲ್ಲ, ಇರುವವರು ಹೊಟ್ಟೆ ತುಂಬಿದ ವರ್ತಕರು, ನಗರದ ಮೇಯರು. ಪಕ್ಕದ ಯಕ್ಷನಾಡಿನಿಂದ ಮಾಯಾಹಣ್ಣು ಊರೊಳಕ್ಕೆ ಕಳ್ಳಸಾಗಣೆಯಾಗುತ್ತದೆ. ಆದರೆ ಅದರ ಹೆಸರೆತ್ತುವುದೇ ಅಸಭ್ಯ. ಹೀಗಾಗಿ ಕಾನೂನಿನ ಕಣ್ಣಿಗೆ ಅದು ಹಣ್ಣಲ್ಲ, ನೇಯ್ದ ರೇಷ್ಮೆ! ಕಚೇರಿಯ ಕಡತ ಕಂಡವರಿಗೆ ಈ ವ್ಯಂಗ್ಯದ ಮೊನೆ ಚುಚ್ಚದಿರದು. ಮಿರ್ಲೀಸ್ ‘ಪ್ಯಾರಿಸ್’ ಎಂಬ ನೀಳ್ಗವಿತೆಯ ಕವಿ. ಅದನ್ನು ಪ್ರಕಟಿಸಿದ್ದು ವುಲ್ಫ್ ದಂಪತಿಯ ಹೊಗಾರ್ತ್ ಪ್ರೆಸ್. ಅಂದರೆ ಅವರ ನಿಜವಾದ ನೆರೆಹೊರೆ ನವ್ಯರದು. ಬ್ಯಾಲಂಟೈನ್ ಮಾಲೆಯ 1970ರ ಮರುಮುದ್ರಣ ಕಾದಂಬರಿಗೆ ಹೊಸ ಓದುಗರನ್ನು ತಂದಿತು, ನಿಜ. ಆದರೆ ಅದನ್ನು ಆ ನೆರೆಹೊರೆಯಿಂದ ಎಬ್ಬಿಸಿ ಮಾರಿಸ್, ಡನ್ಸನಿಯರ ಪಂಕ್ತಿಯಲ್ಲಿ ಕೂರಿಸಿತು. ಲೇಖಕಿಯ ಅನುಮತಿಯನ್ನೂ ಪಡೆದಿರಲಿಲ್ಲ. ಅವರು ಬದುಕಿದ್ದರು, ತೀರಿಕೊಂಡದ್ದು 1978ರಲ್ಲಿ.

ಇವಾಂಜೆಲಿನ್ ವಾಲ್ಟನ್ ಅವರ ವಿಷಯದಲ್ಲಿ ಶಿಫಾರಸು ಫಲ ಕೊಟ್ಟಿತು. ವೇಲ್ಸಿನ ಹಳೆಯ ಕಥಾಚಕ್ರ ‘ಮ್ಯಾಬಿನೋಗಿ’ಯ ನಾಲ್ಕನೆಯ ಶಾಖೆಯನ್ನು ಆಧರಿಸಿ ಅವರು 1936ರಲ್ಲಿ ಬರೆದಿದ್ದ ಕಾದಂಬರಿ 1970ರಲ್ಲಿ ‘ದಿ ಐಲ್ಯಾಂಡ್ ಆಫ್ ದಿ ಮೈಟಿ’ ಎಂಬ ಹೊಸ ಹೆಸರಿನಲ್ಲಿ ಬಂದಿತು. ಲೇಖಕಿ ಬದುಕಿದ್ದಾರೆಂದು ತಿಳಿದ ಪ್ರಕಾಶಕರು ಉಳಿದ ಶಾಖೆಗಳ ಕಾದಂಬರಿಗಳನ್ನೂ ತಂದರು: 1971ರಲ್ಲಿ ಎರಡನೆಯದು, 1972ರಲ್ಲಿ ಮೂರನೆಯದು. ಮೊದಲ ಶಾಖೆಯ ‘ಪ್ರಿನ್ಸ್ ಆಫ್ ಆನೂನ್’ ಅಚ್ಚಾದದ್ದು ಎಲ್ಲಕ್ಕಿಂತ ಕೊನೆಗೆ, 1974ರಲ್ಲಿ. ಅಷ್ಟರಲ್ಲಿ ಮಾಲೆಯೇ ನಿಂತುಹೋಗಿತ್ತು.