ಹೆದರಿ ನಿಂತ ಮಗುವನ್ನು ತಳ್ಳಿದರೆ ಬ್ಯಾಕ್ ಫ್ಲಿಪ್ ಭಯ ಹೋಗುತ್ತದೆಯೇ?

ಇಂಥದ್ದೊಂದು ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜಿಮ್ನಾಸ್ಟಿಕ್ಸ್ ಹಾಲ್‌ನಲ್ಲಿ ಒಂಬತ್ತೋ ಹತ್ತೋ ವರ್ಷದ ಹುಡುಗಿ ಕೈ ಮೇಲೆತ್ತಿ ನಿಂತಿರುತ್ತಾಳೆ. ಹಿಂದಕ್ಕೆ ಲಾಗ ಹಾಕಬೇಕು, ಆಗುತ್ತಿಲ್ಲ, ಕಣ್ಣಲ್ಲಿ ನೀರು. ಕೋಚ್ ಬಂದು ಸೊಂಟಕ್ಕೆ ಕೈ ಕೊಟ್ಟು ಒಂದೇ ಏಟಿಗೆ ಹಿಂದಕ್ಕೆ ತಿರುಗಿಸಿಬಿಡುತ್ತಾರೆ. ಹುಡುಗಿ ಕಾಲ ಮೇಲೆ ಬಂದು ನಿಲ್ಲುತ್ತಾಳೆ, ಚಪ್ಪಾಳೆ, ಜೋರು ಸಂಗೀತ. ಭಯ ಹೋಗಬೇಕಾದರೆ ಹೀಗೆ ಯಾರಾದರೂ ತಳ್ಳಲೇಬೇಕು ಅನ್ನೋದು ಕೆಳಗಿನ ಬರಹದ ಸಾರ. ನೋಡಿದವರಿಗೆ ಖುಷಿಯಾಗುತ್ತದೆ, ಹತ್ತು ಜನರಿಗೆ ಕಳಿಸುತ್ತಾರೆ.

ನಮಗೆ ಇದು ಬಂದದ್ದು ಮನೆಯಿಂದಲೇ. ನಮ್ಮ ತಂಡದವರೊಬ್ಬರ ಅಕ್ಕನ ಮಗಳಿಗೆ 11 ವರ್ಷ. ಎರಡು ವರ್ಷದಿಂದ ಸಲೀಸಾಗಿ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಮಾಡುತ್ತಿದ್ದವಳು ಕಳೆದ ಮಳೆಗಾಲದ ಒಂದು ಸಂಜೆ ನಿಂತಲ್ಲೇ ನಿಂತುಬಿಟ್ಟಳು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ಯಾಕೆ ಎಂದರೆ ಗೊತ್ತಿಲ್ಲ ಅನ್ನುತ್ತಿದ್ದಳು. ಮುಂದಕ್ಕೆ ಏನು ಬೇಕಾದರೂ ಮಾಡುತ್ತಾಳೆ, ಹಿಂದಕ್ಕೆ ಮಾತ್ರ ಇಲ್ಲ. ವಿಡಿಯೋವನ್ನು ಗ್ರೂಪಿಗೆ ಹಾಕಿದ್ದು ಅವಳ ಅಪ್ಪನೇ. ನಮ್ಮ ಕೋಚ್ ಯಾಕೆ ಹೀಗೆ ಮಾಡುವುದಿಲ್ಲ ಅನ್ನೋದು ಅವರ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ತಳ್ಳಿದರೆ ಮಗು ಒಮ್ಮೆ ತಿರುಗುತ್ತದೆ, ಭಯ ಹೋಗುವುದಿಲ್ಲ. ಎಷ್ಟೋ ಸಲ ಜಾಸ್ತಿಯಾಗುತ್ತದೆ. ಯಾಕೆ ಎಂದು ನೋಡೋಣ.

ಹಿಂದಕ್ಕೆ ಎಂದರೆ ಯಾಕಿಷ್ಟು ಭಯ?

ನಾವು ನಡೆಯುವುದು, ಓಡುವುದು, ಎಡವಿದಾಗ ಕೈ ಊರುವುದು ಎಲ್ಲವೂ ಮುಂದಕ್ಕೆ. ಕಣ್ಣಿರುವುದೂ ಮುಂದೆಯೇ. ಹಿಂದಕ್ಕೆ ಬೀಳುವ ಭಯ ಎಷ್ಟು ಹಳೆಯದು ಎಂದರೆ, ಹುಟ್ಟಿದ ಮಗುವಿನ ತಲೆ ಥಟ್ಟನೆ ಹಿಂದಕ್ಕೆ ವಾಲಿದರೂ ಅದು ಎರಡೂ ಕೈ ಚಾಚಿ ಬೆಚ್ಚಿಬೀಳುತ್ತದೆ. ಮೋರೋ ಪ್ರತಿವರ್ತನೆ ಎಂದು ವೈದ್ಯರು ಕರೆಯುವುದು ಇದನ್ನೇ. ಆ ಪ್ರತಿವರ್ತನೆ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಆದರೆ ಕಾಣದ ಕಡೆಗೆ ಮೈ ಬಿಡಲು ಹಿಂಜರಿಯುವುದು ದೊಡ್ಡವರಲ್ಲೂ ಉಳಿದಿರುತ್ತದೆ. ಅನುಮಾನವಿದ್ದರೆ ಗೆಳೆಯರ ಕೈಗೆ ಹಿಂದಕ್ಕೆ ಬೀಳುವ ಆಟ ನೆನಪು ಮಾಡಿಕೊಳ್ಳಿ.

ನಮ್ಮ ಮೈ ಎಲ್ಲಿದೆ, ಯಾವ ಕಡೆ ತಿರುಗುತ್ತಿದೆ ಎಂಬ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಬರುತ್ತದೆ. ಒಂದು ಕಣ್ಣು. ಇನ್ನೊಂದು ಸ್ನಾಯು ಮತ್ತು ಕೀಲುಗಳು. ಮೂರನೆಯದು ಒಳಕಿವಿ. ಒಂದೊಂದು ಕಿವಿಯೊಳಗೂ ಅರ್ಧವೃತ್ತಾಕಾರದ ಮೂರು ಪುಟ್ಟ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಆ ದ್ರವದ ಅಲುಗಾಟದಿಂದ ದಿಕ್ಕು ಗೊತ್ತಾಗುತ್ತದೆ. ಹಿಂದಕ್ಕೆ ಲಾಗ ಹಾಕುವ ಮೊದಲ ಕ್ಷಣದಲ್ಲಿ ಕಣ್ಣಿಗೆ ಕಾಣುವುದು ಬರೀ ಚಾವಣಿ. ಒಳಕಿವಿ ಮಾತ್ರ ಜೋರಾಗಿ ತಿರುಗುತ್ತಿದ್ದೀಯ ಅನ್ನುತ್ತಿರುತ್ತದೆ. ಸಾವಿರಾರು ಸಲ ಮಾಡಿದವರ ಮೆದುಳಿಗೆ ಈ ಗೊಂದಲ ಬಿಡಿಸುವುದು ಅಭ್ಯಾಸ. ಹೊಸಬರಿಗೆ ಅದು ಅಪಾಯದ ಗಂಟೆ.

ಇಲ್ಲೊಂದು ಸ್ವಾರಸ್ಯವಿದೆ. ನೆಲಕ್ಕೆ ಇಳಿಯುವ ಹೊತ್ತಿಗೆ ಹಿಂದಿನ ಲಾಗವೇ ಕಣ್ಣಿಗೆ ಅನುಕೂಲ, ಏಕೆಂದರೆ ಅರ್ಧ ಸುತ್ತು ಮುಗಿದ ಮೇಲೆ ನೆಲ ಕಾಣುತ್ತದೆ. ಮುಂದಿನ ಲಾಗದಲ್ಲಿ ಇಳಿಯುವಾಗ ನೆಲ ಕಾಣುವುದೇ ಕಷ್ಟ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ದೀಪಾ ಕರ್ಮಾಕರ್ ಮಾಡಿದ ಪ್ರೊಡುನೋವಾ ನೆನಪಿದೆಯಲ್ಲ? ಗಾಳಿಯಲ್ಲಿ ಮುಂದಕ್ಕೆ ಎರಡು ಸುತ್ತು. ಅದು ಅಷ್ಟು ಅಪಾಯಕಾರಿ ಅನ್ನಿಸಿಕೊಳ್ಳಲು ಇಳಿಯುವ ಆ ಕುರುಡು ಕ್ಷಣವೂ ಒಂದು ಕಾರಣ. ದೀಪಾ ಅಂದು ನಾಲ್ಕನೆಯವರಾಗಿ, 0.150 ಅಂಕದಲ್ಲಿ ಕಂಚು ಕಳೆದುಕೊಂಡರು. ಹಿಂದಿನ ಲಾಗದ ಭಯವೆಲ್ಲ ಹೊರಡುವ ಆ ಅರೆಕ್ಷಣದಲ್ಲಿದೆ, ಇಳಿಯುವುದರಲ್ಲಿ ಅಲ್ಲ. ಮಗುವಿಗೆ ಇದನ್ನು ಹೇಳಿದರೆ ಅರ್ಥವಾಗುತ್ತದೆ, ಎಷ್ಟೋ ಮಕ್ಕಳಿಗೆ ಸಮಾಧಾನವೂ ಆಗುತ್ತದೆ.

ಬರುತ್ತಿದ್ದದ್ದು ಒಮ್ಮೆಲೇ ಹೋಗುವುದು ಹೇಗೆ?

ಪೋಷಕರು ಸೋಲುವುದು ಇಲ್ಲಿಯೇ. ನಿನ್ನೆ ಮಾಡಿದವಳು ಇವತ್ತು ಯಾಕೆ ಮಾಡುವುದಿಲ್ಲ? ನಾಟಕ, ಸೋಮಾರಿತನ, ಕೊನೆಗೆ ದೃಷ್ಟಿ ತಾಗಿದೆ ಎಂಬಲ್ಲಿಗೂ ಮಾತು ಹೋಗುತ್ತದೆ.

ಚೆನ್ನಾಗಿ ಕಲಿತ ಕೆಲಸವನ್ನು ಮೈ ತಾನಾಗಿಯೇ ಮಾಡುತ್ತದೆ. ಮೆಟ್ಟಿಲು ಇಳಿಯುವಾಗ ಪಾದ ಎಲ್ಲಿಡುತ್ತಿದ್ದೇನೆ ಎಂದು ಒಂದೊಂದು ಹೆಜ್ಜೆಗೂ ಯೋಚಿಸಿ ನೋಡಿ, ಎಡವುತ್ತೀರಿ. ಲಾಗವೂ ಹಾಗೆಯೇ. ಒಂದು ಸಲ ಅನುಮಾನ ಹೊಕ್ಕರೆ ಮಗು ಕೈ, ತಲೆ, ಮಂಡಿ ಒಂದೊಂದನ್ನೂ ಯೋಚಿಸತೊಡಗುತ್ತದೆ, ಇಡೀ ಚಲನೆ ಕಡಿದುಹೋಗುತ್ತದೆ. ಕ್ರಿಕೆಟ್‌ನಲ್ಲಿ ಒಳ್ಳೆಯ ಬೌಲರ್‌ಗೆ ಇದ್ದಕ್ಕಿದ್ದಂತೆ ಚೆಂಡನ್ನು ಕೈಯಿಂದ ಬಿಡಲೇ ಆಗದಿರುವುದುಂಟು, ಅದನ್ನು ಯಿಪ್ಸ್ ಅನ್ನುತ್ತಾರೆ. ಟ್ರ್ಯಾಂಪೊಲಿನ್ ಆಟಗಾರರ ಇಂಥದೇ ತೊಂದರೆಗೆ ಸಂಶೋಧಕರು ಲಾಸ್ಟ್ ಮೂವ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ಕಳೆದುಹೋದ ಜಿಗಿತ ಎನ್ನಬಹುದು.

ಅನುಮಾನ ಹೊಗಲು ದೊಡ್ಡ ಕಾರಣ ಬೇಕಿಲ್ಲ. ಗೆಳತಿ ಬಿದ್ದದ್ದನ್ನು ನೋಡಿರಬಹುದು, ಒಂದು ದಿನ ಕೈ ಜಾರಿರಬಹುದು, ಸ್ಪರ್ಧೆ ಹತ್ತಿರ ಬಂದಿರಬಹುದು. ಯಾರ ಗಮನಕ್ಕೂ ಬಾರದ ಇನ್ನೊಂದು ಕಾರಣ ಬೆಳವಣಿಗೆ. ಹೆಣ್ಣುಮಕ್ಕಳು 10ರಿಂದ 13ರ ನಡುವೆ ಸರಸರನೆ ಉದ್ದವಾಗುತ್ತಾರೆ. ಮೈ ಉದ್ದವಾದರೆ ಅದನ್ನು ತಿರುಗಿಸಲು ಹೆಚ್ಚು ಬಲ ಬೇಕು, ಹಳೆಯ ಅಳತೆಯಲ್ಲಿ ಹಾರಿದರೆ ಸುತ್ತು ಮುಗಿಯುವುದಿಲ್ಲ. ಏನೋ ಸರಿಯಿಲ್ಲ ಎಂದು ಮಗುವಿನ ಮೈಗೆ ಗೊತ್ತಾಗುತ್ತದೆ, ಮಾತಿಗೆ ಬರುವುದಿಲ್ಲ. ನಮ್ಮ ಹುಡುಗಿಯ ಶಾಲೆಯ ಸ್ಕರ್ಟನ್ನು ಒಂದೇ ವರ್ಷದಲ್ಲಿ ಎರಡು ಸಲ ಬಿಚ್ಚಿ ಉದ್ದ ಮಾಡಿಸಿದ್ದರಂತೆ. ಯಾರಿಗೂ ಅದರ ಕಡೆ ಯೋಚನೆ ಹೋಗಿರಲಿಲ್ಲ.

ಆಮೇಲೆ ಭಯ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಹಾರದೆ ಪಕ್ಕಕ್ಕೆ ಸರಿದ ಕೂಡಲೇ ಎದೆಬಡಿತ ಇಳಿಯುತ್ತದೆ, ಹಾಯೆನಿಸುತ್ತದೆ. ತಪ್ಪಿಸಿಕೊಂಡದ್ದರಿಂದಲೇ ಬಚಾವಾದೆ ಎಂಬ ಪಾಠವನ್ನು ಮೆದುಳು ಕಲಿಯುತ್ತದೆ. ಮರುದಿನ ಭಯ ಇನ್ನೊಂದಿಷ್ಟು ಬೇಗ ಬರುತ್ತದೆ.

ಚಾಂಪಿಯನ್‌ಗಳಿಗೆ ಹೀಗಾಗುವುದಿಲ್ಲವೇ?

ಆಗುತ್ತದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 27ರಂದು, ಅಮೆರಿಕದ ಸಿಮೋನ್ ಬೈಲ್ಸ್ ವಾಲ್ಟ್‌ನಲ್ಲಿ ಗಾಳಿಗೆ ಹಾರಿ ಎರಡೂವರೆ ತಿರುವು ಹಾಕಬೇಕಿತ್ತು. ಒಂದೂವರೆಗೇ ನೆಲಕ್ಕೆ ಬಂದರು. ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಎಂಬುದೇ ತಿಳಿಯದಾಗಿತ್ತು. ಜಿಮ್ನಾಸ್ಟ್‌ಗಳ ಮಾತಿನಲ್ಲಿ ಇದು ಟ್ವಿಸ್ಟೀಸ್. ಮಗು ಹಾರಲು ಹೆದರಿ ನಿಲ್ಲುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ, ಆದರೆ ಎರಡರಲ್ಲೂ ಮೈ ಮತ್ತು ಮನಸ್ಸಿನ ಹೊಂದಾಣಿಕೆ ತಪ್ಪಿರುತ್ತದೆ. ಬೈಲ್ಸ್ ತಂಡದ ಫೈನಲ್‌ನಿಂದ ಹಿಂದೆ ಸರಿದಾಗ ಹೇಡಿ ಎಂದವರೂ ಇದ್ದರು. ಅವರು ಆಗಸ್ಟ್ 3ರಂದು ಬೀಮ್‌ಗೆ ಮರಳಿದರು. ಕೊನೆಯ ಜಿಗಿತದಲ್ಲಿ ತಿರುವನ್ನೇ ಕೈಬಿಟ್ಟು ಸುಲಭದ್ದನ್ನು ಆರಿಸಿಕೊಂಡು ಕಂಚು ಗೆದ್ದರು. 2023ರಲ್ಲಿ ಆಂಟ್‌ವರ್ಪ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು ಮಾಡಿದ ವಾಲ್ಟ್ ಈಗ ಅವರ ಹೆಸರಿನಲ್ಲೇ ಇದೆ. ಅದೂ ಹಿಂದಕ್ಕೆ ಹಾರುವ ವಾಲ್ಟ್. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ಒಂದು ಮೆಟ್ಟಿಲು ಕೆಳಗಿಳಿದದ್ದರಿಂದ ಅವರ ಆಟ ಮುಗಿದುಹೋಗಲಿಲ್ಲ.

ಇನ್ನೊಂದು ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ 1978ರ ವಿಶ್ವ ಚಾಂಪಿಯನ್. ಕಾಲು ಮುರಿದು ಪೂರ್ತಿ ವಾಸಿಯಾಗುವ ಮೊದಲೇ ಅವರನ್ನು ಅಭ್ಯಾಸಕ್ಕೆ ಇಳಿಸಲಾಯಿತು. ಥಾಮಸ್ ಸಾಲ್ಟೋ ಎಂಬ ಅಪಾಯದ ಜಿಗಿತ, ಹಿಂದಕ್ಕೆ ಚಿಮ್ಮಿ, ತಿರುವು ಹಾಕಿ, ನೆಲದ ಮೇಲೆ ಉರುಳಿ ಮುಗಿಸುವಂಥದ್ದು. ಇದರಿಂದ ಕುತ್ತಿಗೆ ಮುರಿಯುತ್ತದೆ ಎಂದು ಮೊದಲೇ ಹೇಳಿದ್ದಾಗಿ ಆಮೇಲೆ ಅವರು ನೆನಪಿಸಿಕೊಂಡಿದ್ದಾರೆ. 1980ರ ಜುಲೈನಲ್ಲಿ, ಮಾಸ್ಕೋ ಒಲಿಂಪಿಕ್ಸ್‌ಗೆ ಕೆಲವೇ ದಿನಗಳಿರುವಾಗ, ಮಿನ್ಸ್ಕ್‌ನಲ್ಲಿ ಅದೇ ಆಯಿತು. 2006ರಲ್ಲಿ ತೀರಿಕೊಳ್ಳುವವರೆಗೂ ಅವರು ಕೈಕಾಲು ಸ್ವಾಧೀನವಿಲ್ಲದೆ ಬದುಕಿದರು. ಮಗುವಿನ ಭಯ ಪ್ರತಿ ಸಲವೂ ಸುಳ್ಳಾಗಿರಬೇಕಿಲ್ಲ.

ತಳ್ಳುವುದಕ್ಕೂ ಹಿಡಿಯುವುದಕ್ಕೂ ವ್ಯತ್ಯಾಸ

ವಿಡಿಯೋದಲ್ಲಿ ಹುಡುಗಿಯನ್ನು ತಿರುಗಿಸಿದ್ದು ಕೋಚ್‌ನ ತೋಳು. ಅವಳು ಕಲಿತದ್ದು ಏನೂ ಇಲ್ಲ, ಅಳುವಾಗಲೂ ಬಿಡುವುದಿಲ್ಲ ಎಂಬುದನ್ನು ಬಿಟ್ಟರೆ. ಮರುದಿನ ಏನಾಯಿತು ಎಂಬ ವಿಡಿಯೋ ನಮಗೆ ಬರುವುದಿಲ್ಲ.

ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್‌ನಲ್ಲಿ ಕುರ್ಚಿಯ ಮೇಲೆ ಕೂರುವಂತೆ ಹಿಂದಕ್ಕೆ ವಾಲಿ, ಕಾಲಿನಿಂದ ಬಲವಾಗಿ ಒದ್ದು, ಚಾಚಿದ ಕೈಯನ್ನು ನೆಲಕ್ಕೆ ಊರಬೇಕು. ಹೆದರಿದ ಮಗು ಹಿಂದಕ್ಕೆ ಹೋಗುವ ಬದಲು ಮೇಲಕ್ಕೆ ಹಾರುತ್ತದೆ, ಇಲ್ಲವೇ ಅರ್ಧದಲ್ಲಿ ಮನಸ್ಸು ಬದಲಿಸಿ ಮೊಣಕೈ ಮಡಚುತ್ತದೆ. ಆಗ ನೆಲಕ್ಕೆ ತಾಗುವುದು ತಲೆ. ಅರೆಮನಸ್ಸಿನ ಲಾಗದಷ್ಟು ಅಪಾಯ ಇನ್ನೊಂದಿಲ್ಲ, ಬಲವಂತದಿಂದ ಬರುವುದೂ ಅಂಥದ್ದೇ.

ಕೋಚ್ ಬೆನ್ನಿಗೂ ತೊಡೆಗೂ ಕೈ ಕೊಟ್ಟು ಆಸರೆಯಾಗುವುದು ಬೇರೆ ವಿಚಾರ. ಅದು ಕಲಿಸುವ ಕ್ರಮವೇ. ಅಲ್ಲಿ ಎಲ್ಲಿ ಹಿಡಿಯುತ್ತೇನೆ ಎಂದು ಮೊದಲೇ ಹೇಳುತ್ತಾರೆ, ಮಗು ಹೂಂ ಅಂದ ಮೇಲೆ ಹೊರಡುತ್ತದೆ, ಹೇಳದೆ ಕೈ ತೆಗೆಯುವುದಿಲ್ಲ. ಇದೇ ಸಲ ಕೊನೆ, ಹಿಡಿಯುತ್ತೇನೆ ಎಂದು ಹೇಳಿ ಬಿಟ್ಟುಬಿಡುವ ತಮಾಷೆಯನ್ನು ಸೈಕಲ್ ಕಲಿಸಿದವರೆಲ್ಲ ಮಾಡಿರುತ್ತೇವೆ. ಇಲ್ಲಿ ಬೇಡ. ಒಮ್ಮೆ ಹೋದ ನಂಬಿಕೆ ಮರಳಲು ತಿಂಗಳುಗಟ್ಟಲೆ ಬೇಕು.

ಹಾಗಾದರೆ ಏನು ಮಾಡಬೇಕು?

ಹಿಂದೆ ಹೋಗಬೇಕು, ಮಗು ನಗುನಗುತ್ತಾ ಮಾಡುವ ಮೆಟ್ಟಿಲಿನವರೆಗೆ. ಇಳಿಜಾರು ಮ್ಯಾಟ್ ಮೇಲೆ ಹಿಂದಕ್ಕೆ ಉರುಳುವುದು, ಸೇತುವೆಯಂತೆ ಬಾಗಿ ಕಾಲು ದಾಟಿಸುವುದು, ದೊಡ್ಡ ಫೋಮ್ ಉರುಳೆಯ ಮೇಲೆ ಬೆನ್ನು ಕೊಟ್ಟು ನಿಧಾನವಾಗಿ ಹಿಂದಕ್ಕೆ ಹೋಗುವುದು, ಆಮೇಲೆ ಕೋಚ್ ಆಸರೆಯಲ್ಲಿ ಮೆತ್ತನೆಯ ಮ್ಯಾಟ್, ಕೊನೆಗೆ ಸಮ ನೆಲ. ಒಂದೊಂದು ಹಂತದಲ್ಲೂ ಕೇಳಿ: ಹತ್ತಕ್ಕೆ ಎಷ್ಟು ಭಯ? ಎರಡು ಮೂರು ಅಂದರೆ ಅಲ್ಲೇ ಹತ್ತಾರು ಸಲ ಮಾಡಲಿ. ಎಂಟು ಅಂದರೆ ಒಂದು ಮೆಟ್ಟಿಲು ಕೆಳಗೆ. ಮೇಲೆ ಹೋಗುವ ದಿನವನ್ನು ಮಗುವೇ ಹೇಳಲಿ. ಭಯ ಪೂರ್ತಿ ಹೋಗಲಿ ಎಂದು ಕಾಯಬೇಕಿಲ್ಲ. ಸ್ವಲ್ಪ ಭಯವಿದ್ದೂ ಮಾಡಿ, ಏನೂ ಆಗಲಿಲ್ಲ ಎಂದು ಮೈ ಕಂಡುಕೊಳ್ಳುವುದೇ ಇಲ್ಲಿನ ಔಷಧ. ತಿಂಗಳುಗಟ್ಟಲೆ ಲಾಗವನ್ನೇ ಬಿಟ್ಟು ಕೂತರೆ ಆ ಅವಕಾಶ ಸಿಗುವುದಿಲ್ಲ.

ಒಂದು, ಎರಡು, ಮೂರು ಎಂದು ಎಣಿಸುತ್ತಾ ಹತ್ತು ನಿಮಿಷ ನಿಲ್ಲಿಸಬಾರದು. ಮೂರು ಸಲ ಹೊರಡದಿದ್ದರೆ ಕೆಳಗಿನ ಮೆಟ್ಟಿಲಿನದ್ದನ್ನು ಮಾಡಿ ಅವತ್ತಿಗೆ ಮುಗಿಸಿ. ಶಿಕ್ಷೆಗೆ ಓಡಿಸುವುದು, ತಂಡದ ಮುಂದೆ ಅಣಕಿಸುವುದು ಬೇಡ. ಹೇಳುವ ಮಾತೂ ಸಣ್ಣದಿರಲಿ. ತಲೆ ಬೀಳಿಸಬೇಡ ಎಂದರೆ ಮನಸ್ಸಿಗೆ ಬರುವ ಚಿತ್ರ ತಲೆ ಬೀಳುವುದೇ. ಕೈಯಿಂದ ಹಿಂದಿನ ಗೋಡೆ ಮುಟ್ಟು ಎಂದರೆ ಮೈ ತಾನಾಗಿ ಚಾಚುತ್ತದೆ.

ಮನೆಯಲ್ಲಿ ನಿಮ್ಮ ಪಾಲು ಇದಕ್ಕಿಂತ ಸುಲಭ, ಹೇಳಬೇಕೆಂದರೆ ಇನ್ನೂ ಕಷ್ಟ: ಸುಮ್ಮನಿರುವುದು. ಸ್ಕೂಟರ್ ಹತ್ತಿದ ಕೂಡಲೇ ಇವತ್ತು ಮಾಡಿದೆಯಾ ಎಂದು ಕೇಳಬೇಡಿ. ಮಾಡಿದರೆ ಮೊಬೈಲ್ ಕೊಡಿಸುತ್ತೇನೆ ಎಂಬ ಆಸೆಯೂ ಒತ್ತಡವೇ. ಯೂಟ್ಯೂಬ್ ನೋಡಿ ಹಾಸಿಗೆಯ ಮೇಲೆ ಅಪ್ಪನೇ ಹಿಡಿದು ಕಲಿಸುವುದಂತೂ ಖಂಡಿತ ಬೇಡ. ಹಾಸಿಗೆಯ ಸ್ಪ್ರಿಂಗ್, ಮಂಚದ ಅಂಚು, ಹಿಡಿಯಲು ಬಾರದ ಕೈ, ಮೂರೂ ಒಟ್ಟಿಗೆ ಸೇರುತ್ತವೆ.

ಒಂದು ವಿಷಯ ಮಾತ್ರ ಕೇಳಲೇಬೇಕು: ಎಲ್ಲಾದರೂ ನೋಯುತ್ತಿದೆಯಾ? ನೋವನ್ನು ಎಷ್ಟೋ ಮಕ್ಕಳು ಭಯ ಎಂದೇ ಹೇಳುತ್ತಾರೆ. ಹಿಂದಕ್ಕೆ ಬಾಗಿದಾಗ ಸೊಂಟದ ಹತ್ತಿರ ನೋವು ಬಂದು ಎರಡು ಮೂರು ವಾರ ಉಳಿದರೆ ಮೂಳೆ ವೈದ್ಯರಿಗೆ ತೋರಿಸಿ. ವೇಗದ ಬೌಲರ್‌ಗಳಿಗೆ ಆಗುವಂತೆ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಮಣಿಕಟ್ಟಿನ ನೋವನ್ನೂ ಕಡೆಗಣಿಸಬೇಡಿ. ತಲೆಗೆ ಪೆಟ್ಟಾದ ಮೇಲೆ ತಲೆನೋವು, ವಾಂತಿ, ಗೊಂದಲವಿದ್ದರೆ ಅಥವಾ ಕೈಕಾಲು ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆಗೆ. ಕ್ಲಾಸಿನ ದಿನ ಮಾತ್ರ ಹೊಟ್ಟೆನೋವು, ನಿದ್ದೆಯಿಲ್ಲ ಎಂದಾದರೆ ಭಯ ಲಾಗದ್ದೋ, ಕಲಿಸುವವರದ್ದೋ ಎಂದು ಮೆಲ್ಲಗೆ ವಿಚಾರಿಸಿ. ಪೋಷಕರು ಕೂತು ನೋಡುವುದನ್ನು ಒಪ್ಪದ ಕ್ಲಾಸಿಗೆ ಕಳಿಸುವ ಮೊದಲು ಎರಡು ಸಲ ಯೋಚಿಸಿ.

ನಮ್ಮ ಹುಡುಗಿ ಈಗ ಇಳಿಜಾರು ಮ್ಯಾಟ್ ಮೇಲೆ ಒಬ್ಬಳೇ ಮಾಡುತ್ತಾಳೆ. ಸಮ ನೆಲಕ್ಕೆ ಬಂದರೆ ಇನ್ನೂ ಕೋಚ್ ಕೈ ಬೇಕು. ಕೆಲವು ದಿನ ಅದೂ ಬೇಡ ಎಂದು ಪಕ್ಕಕ್ಕೆ ಹೋಗಿ ನೀರು ಕುಡಿಯುತ್ತಾಳಂತೆ. ಅವಳಪ್ಪ ಗ್ರೂಪಿನಲ್ಲಿ ಆ ವಿಡಿಯೋ ಅಳಿಸಲು ಹೋದರು, ತುಂಬಾ ದಿನವಾಗಿದ್ದರಿಂದ ಎಲ್ಲರ ಫೋನಿನಿಂದ ಅಳಿಸಲು ಆಗಲಿಲ್ಲ. ಹಾಗಾಗಿ ಅದರ ಕೆಳಗೆ ಈ ಲೇಖನ ಹಾಕುತ್ತೇನೆ, ಬೇಗ ಬರೆಯಿರಿ ಎಂದಿದ್ದಾರೆ.