ಬತ್ತುವ ಅನಿಲ ನಿಕ್ಷೇಪಗಳಿಗೆ ಕಂಪ್ಯೂಟರ್ ಮಾದರಿ

ನೈಸರ್ಗಿಕ ಅನಿಲ ಬಾವಿಯ ಉತ್ಪಾದನೆ ಕುಸಿಯಿತೆಂದರೆ ನೆಲದಡಿಯ ಅನಿಲವೆಲ್ಲ ಮುಗಿಯಿತೆಂದು ಅರ್ಥವಲ್ಲ. ಅನಿಲವನ್ನು ಮೇಲಕ್ಕೆ ತಳ್ಳುವ ಒತ್ತಡ ಕುಂದಿರಬಹುದು. ಬಾವಿಯ ಬುಡದಲ್ಲಿ ನೀರು ನಿಂತಿರಬಹುದು. ಉಳಿದ ಅನಿಲ ಎಲ್ಲಿದೆ, ಅದನ್ನು ಹೇಗೆ ತೆಗೆಯಬಹುದು ಎಂಬುದನ್ನು ಹೊಸ ಬಾವಿಗೆ ಹಣ ಸುರಿಯುವ ಮುನ್ನವೇ ಅಂದಾಜಿಸುವ ವಿಧಾನಕ್ಕೆ ‘ರಿಸರ್ವಾಯರ್ ಸಿಮ್ಯುಲೇಷನ್’ ಎಂದು ಹೆಸರು.

ಕಾರ್ಯವಿಧಾನ

ಅನಿಲವು ಭೂಗರ್ಭದ ಗುಹೆಯಲ್ಲಿ ಶೇಖರವಾಗಿರುವುದಿಲ್ಲ. ಮರಳುಗಲ್ಲಿನಂತಹ ಶಿಲೆಗಳ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ಭೂಕಂಪನ ತರಂಗಗಳ ಸಮೀಕ್ಷೆ ಹಾಗೂ ಬಾವಿಗಳಿಂದ ತೆಗೆದ ಶಿಲಾ ಮಾದರಿಗಳ ಆಧಾರದ ಮೇಲೆ ಇಡೀ ನಿಕ್ಷೇಪವನ್ನು ಕಂಪ್ಯೂಟರ್‌ನಲ್ಲಿ ಲಕ್ಷಾಂತರ ಕೋಶಗಳಾಗಿ ವಿಭಜಿಸಲಾಗುತ್ತದೆ. ಪ್ರತಿ ಕೋಶಕ್ಕೂ ರಂಧ್ರಗಳ ಪ್ರಮಾಣ, ಒತ್ತಡ, ನೀರಿನ ಪಾಲು ಮುಂತಾದ ಮೌಲ್ಯಗಳನ್ನು ನೀಡಲಾಗುತ್ತದೆ. ಕೋಶದಿಂದ ಕೋಶಕ್ಕೆ ಅನಿಲ ಹರಿಯುವ ವೇಗದ ಲೆಕ್ಕಕ್ಕೆ ಫ್ರಾನ್ಸ್‌ನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮವೇ ಇಂದಿಗೂ ತಳಹದಿ.

ನಂತರದ ಹಂತ ಚರಿತ್ರೆಯ ತಾಳೆ. ಹಿಂದಿನ ವರ್ಷಗಳ ಉತ್ಪಾದನೆ ಮತ್ತು ಒತ್ತಡದ ದಾಖಲೆಗಳಿಗೆ ಹೊಂದುವವರೆಗೆ ಮಾದರಿಯನ್ನು ತಿದ್ದಲಾಗುತ್ತದೆ. ಬಳಿಕವಷ್ಟೇ ಭವಿಷ್ಯದ ಪ್ರಶ್ನೆಗಳು: ಕಂಪ್ರೆಸರ್ ಅಳವಡಿಸಿದರೆ ಎಷ್ಟು ಅನಿಲ ಹೆಚ್ಚುವರಿಯಾಗಿ ದೊರೆತೀತು? ಹಳೆಯ ಬಾವಿಯಿಂದ ಪಕ್ಕಕ್ಕೆ ಕವಲು ಕೊರೆದರೆ ಲಾಭವೇ? ಯಾವ ಬಾವಿಯನ್ನು ನಿಧಾನಗೊಳಿಸಿದರೆ ನೀರಿನ ನುಗ್ಗುವಿಕೆ ತಡವಾದೀತು?

ನೀರಿನ ಪ್ರಶ್ನೆ ಗೌಣವಲ್ಲ. ನೀರು ನುಗ್ಗದ ನಿಕ್ಷೇಪದಲ್ಲಿ ಸಾಮಾನ್ಯವಾಗಿ ಶೇ 80ರಿಂದ 90ರಷ್ಟು ಅನಿಲ ಕೈಸೇರುತ್ತದೆ. ನೀರು ಬಲವಾಗಿ ನುಗ್ಗಿದರೆ ರಂಧ್ರಗಳಲ್ಲಿ ಅನಿಲ ಸಿಕ್ಕಿಬಿದ್ದು ಈ ಪ್ರಮಾಣ ಗಣನೀಯವಾಗಿ ತಗ್ಗುತ್ತದೆ.

ಕೃಷ್ಣಾ–ಗೋದಾವರಿ ಪಾಠ

ಬಂಗಾಳ ಕೊಲ್ಲಿಯ ಕೆಜಿ–ಡಿ6 ಪ್ರದೇಶದ ಡಿ1–ಡಿ3 ಕ್ಷೇತ್ರಗಳಲ್ಲಿ 2009ರ ಏಪ್ರಿಲ್‌ನಲ್ಲಿ ಅನಿಲೋತ್ಪಾದನೆ ಆರಂಭವಾಯಿತು. ಗುರಿ ದಿನಕ್ಕೆ 8 ಕೋಟಿ ಘನ ಮೀಟರ್. ಉತ್ಪಾದನೆ ಆ ಮಟ್ಟ ಮುಟ್ಟದೆ 2010ರ ನಂತರ ಇಳಿಮುಖವಾಯಿತು. ಬಾವಿಗಳಿಗೆ ನೀರು, ಮರಳು ನುಗ್ಗಿದವು. ಭೂರಚನೆ ನಿರೀಕ್ಷೆಗಿಂತ ಜಟಿಲವಾಗಿತ್ತೆಂದು ಕಂಪನಿಯೂ, ಯೋಜಿತ ಸಂಖ್ಯೆಯ ಬಾವಿಗಳನ್ನು ಕೊರೆಯಲಿಲ್ಲವೆಂದು ಸರ್ಕಾರವೂ ವಾದಿಸಿದವು. 2020ರ ಫೆಬ್ರುವರಿಯಲ್ಲಿ ಈ ಕ್ಷೇತ್ರಗಳ ಉತ್ಪಾದನೆ ನಿಂತಿತು.

ಗ್ರೊನಿಂಗನ್‌ನ ತಿರುವು

ನೆದರ್‌ಲೆಂಡ್ಸ್‌ನಲ್ಲಿ 1959ರಲ್ಲಿ ಪತ್ತೆಯಾದ ಗ್ರೊನಿಂಗನ್ ಯೂರೋಪಿನ ಅತಿದೊಡ್ಡ ಅನಿಲ ಕ್ಷೇತ್ರಗಳಲ್ಲೊಂದು. ಒತ್ತಡ ಕುಸಿದಂತೆ ಕಂಪ್ರೆಸರ್‌ಗಳ ನೆರವಿನಿಂದ ಅನಿಲ ತೆಗೆಯಲಾಯಿತು. ಆದರೆ ಒತ್ತಡ ಕಳೆದುಕೊಂಡ ಶಿಲೆ ಕುಗ್ಗಿ ನೆಲ ಕುಸಿಯಿತು, ಭೂಮಿ ನಡುಗಿತು. 2012ರ ಆಗಸ್ಟ್‌ನಲ್ಲಿ ಹೌಜಿಂಗ ಬಳಿ 3.6 ತೀವ್ರತೆಯ ಕಂಪನ ಸಂಭವಿಸಿತು. ಮನೆಗಳ ಗೋಡೆ ಬಿರುಕು ಬಿಟ್ಟ ನಿವಾಸಿಗಳು ಪರಿಹಾರಕ್ಕಾಗಿ ಸಾಲುಗಟ್ಟಿದರು.

ಆ ಬಳಿಕ ಮಾದರಿಗಳ ಉದ್ದೇಶವೇ ಬದಲಾಯಿತು. ಎಷ್ಟು ಅನಿಲ ಸಿಗುತ್ತದೆ ಎಂಬುದರ ಜೊತೆಗೆ, ಎಲ್ಲಿ ಎಷ್ಟು ತೆಗೆದರೆ ನೆಲ ನಡುಗುತ್ತದೆ ಎಂಬ ಲೆಕ್ಕವೂ ಸೇರಿತು. 2014ರಲ್ಲಿ ಲೊಪ್ಪರ್ಸುಮ್ ಸುತ್ತಲಿನ ಉತ್ಪಾದನೆಯನ್ನು ತೀವ್ರವಾಗಿ ಕಡಿತಗೊಳಿಸಲಾಯಿತು. ತೆಗೆಯಬಹುದಾದ ಅನಿಲ ಇನ್ನೂ ಇದ್ದರೂ 2023ರ ಅಕ್ಟೋಬರ್ 1ರಂದು ನಿಯಮಿತ ಉತ್ಪಾದನೆ ನಿಲ್ಲಿಸಿ, 2024ರಲ್ಲಿ ಕಾನೂನಿನ ಮೂಲಕ ಕ್ಷೇತ್ರವನ್ನು ಶಾಶ್ವತವಾಗಿ ಮುಚ್ಚಲಾಯಿತು.

ಮಿತಿಗಳು

ಒಂದೇ ಚರಿತ್ರೆಗೆ ಹಲವು ಮಾದರಿಗಳು ಸಮನಾಗಿ ಹೊಂದಬಲ್ಲವು. ಹೊಂದಿದ ಮಾತ್ರಕ್ಕೆ ಭವಿಷ್ಯವೂ ನಿಖರವೆನ್ನಲಾಗದು. ಆದ್ದರಿಂದ ಒಂದೇ ಉತ್ತರದ ಬದಲು, ಅನೇಕ ಮಾದರಿಗಳನ್ನು ಓಡಿಸಿ ಸಂಭವನೀಯತೆಯ ವ್ಯಾಪ್ತಿಯನ್ನು ತಿಳಿಸುವ ಪದ್ಧತಿ ರೂಢಿಗೆ ಬಂದಿದೆ. ಬಾವಿಯಿಂದ ಬರುವ ಪ್ರತಿ ಹೊಸ ಅಳತೆಯೊಂದಿಗೆ ಆ ವ್ಯಾಪ್ತಿಯೂ ಪರಿಷ್ಕಾರಗೊಳ್ಳುತ್ತದೆ.