ಸುಟ್ಟ ಮೋಟರ್ ಮತ್ತು ಓಮ್‌ನ ನಿಯಮ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಅಗ್ನಿವೀರ್ ವಿಜ್ಞಾನ ಪರೀಕ್ಷೆಯ ತಯಾರಿ

ಓಲ್ಟೇಜ್ ಇಳಿದರೆ ಬೋರಿನ ಮೋಟರ್ ಸುಡುತ್ತದೆ. ಜಗಳೂರು ಸೀಮೆಯ ಹೊಲದಲ್ಲಿ ಬೆಳೆದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತು ಮುಳ್ಳು ಮೇಲೇರಲಿ ಎಂದು ಕಾದವನು ಅವನು. ಅದೇ ಹುಡುಗ ಹತ್ತನೇ ತರಗತಿಯಲ್ಲಿ ಓದುವುದು ಓಮ್‌ನ ನಿಯಮ: ವಿಭವಾಂತರ ಕಡಿಮೆಯಾದರೆ ವಿದ್ಯುತ್ ಪ್ರವಾಹವೂ ಕಡಿಮೆ. ಪ್ರವಾಹ ಕಡಿಮೆಯಾದರೆ ಶಾಖವೂ ಕಡಿಮೆಯಾಗಬೇಕು. ಹಾಗಿದ್ದರೆ ಮೋಟರ್ ಸುಡುವುದೇಕೆ? ಈ ಪ್ರಶ್ನೆ ತರಗತಿಗೆ ಬರುವುದೇ ಅಪರೂಪ. ಹುಡುಗ ಹೊಲದ ತಿಳಿವಳಿಕೆಯನ್ನು ಹೊಲದಲ್ಲೇ ಬಿಟ್ಟು, ಪುಸ್ತಕದ ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗುತ್ತಾನೆ. ಸೇನೆಯ ನೇಮಕಾತಿ ಪರೀಕ್ಷೆಯ ವಿಜ್ಞಾನ ಭಾಗದಲ್ಲಿ ನಮ್ಮ ಗ್ರಾಮೀಣ ಅಭ್ಯರ್ಥಿಗಳು ತಡವರಿಸುವುದಕ್ಕೆ ಇರುವ ಮುಖ್ಯ ಕಾರಣಗಳಲ್ಲಿ ಈ ಬಿರುಕೂ ಒಂದು ಎಂಬುದು ನನ್ನ ವಾದ. ವಿಜ್ಞಾನ ಅವರ ಹತ್ತಿರವೇ ಇದೆ. ಅದಕ್ಕೆ ಪರೀಕ್ಷೆ ಇಟ್ಟಿರುವ ಹೆಸರು ಮಾತ್ರ ದೂರದಲ್ಲಿದೆ.

ಚನ್ನಗಿರಿ, ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನು ಒಟ್ಟಿಗೆ ನೋಡುವುದಕ್ಕೆ ಕಾರಣವಿದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಒಂದು ಕಡೆ ಭದ್ರಾ ನಾಲೆ, ತುಂಗಭದ್ರೆ, ಅಡಿಕೆ ತೋಟ. ಇನ್ನೊಂದು ಕಡೆ ಮಳೆ ನಂಬಿದ ಮೆಕ್ಕೆಜೋಳದ ಹೊಲ, ಆಳದ ಕೊಳವೆಬಾವಿ. ಎರಡೂ ಕಡೆಯ ಹುಡುಗರು ಬರೆಯುವುದು ಒಂದೇ ಪ್ರಶ್ನೆಪತ್ರಿಕೆ.

2022ರ ಜೂನ್ 14ರಂದು, ಸೇನೆಗೆ ‘ಅಗ್ನಿವೀರ’ರನ್ನು ಸೇರಿಸಿಕೊಳ್ಳುವ ಅಗ್ನಿಪಥ್ ಯೋಜನೆ ಘೋಷಣೆಯಾಯಿತು. ನಾಲ್ಕು ವರ್ಷದ ಸೇವೆ, ಬಳಿಕ ಶೇ 25ರವರೆಗೆ ಮಾತ್ರ ಕಾಯಂ. ಈ ಅಂಶದ ಮೇಲೆ ಚರ್ಚೆ ಬಹಳ ನಡೆದಿದೆ. ನನ್ನ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು 2023ರ ಬದಲಾವಣೆ. ಅಲ್ಲಿಯವರೆಗೆ ಭೂಸೇನೆಯ ನೇಮಕಾತಿಯಲ್ಲಿ ರ‍್ಯಾಲಿ ಮೊದಲು, ಲಿಖಿತ ಪರೀಕ್ಷೆ ಆಮೇಲೆ. ಓಡಿ ಗೆದ್ದವನು ಮಾತ್ರ ಪೆನ್ನು ಹಿಡಿಯುತ್ತಿದ್ದ. 2023ರ ಏಪ್ರಿಲ್‌ನಿಂದ ಕಂಪ್ಯೂಟರ್ ಮೇಲಿನ ಸಾಮಾನ್ಯ ಪ್ರವೇಶ ಪರೀಕ್ಷೆ ಮೊದಲಾಯಿತು, ಓಟ ಹಿಂದಾಯಿತು. ನಸುಕಿನಲ್ಲೆದ್ದು ರಸ್ತೆಯಲ್ಲಿ 1.6 ಕಿಲೋಮೀಟರ್ ಓಟದ ಪ್ರಾಕ್ಟೀಸ್ ಮಾಡುವ ಹುಡುಗರು ಈ ಊರುಗಳಲ್ಲಿ ಇಂದಿಗೂ ಕಾಣುತ್ತಾರೆ. ಆದರೆ ವಿಜ್ಞಾನ, ಗಣಿತದಲ್ಲಿ ಬಿದ್ದವನ ಓಟವನ್ನು ಈಗ ಯಾರೂ ನೋಡುವುದೇ ಇಲ್ಲ. ತಯಾರಿಯ ರೂಢಿ ಹಳೆಯದಾಗಿಯೇ ಉಳಿದಿದೆ, ಪರೀಕ್ಷೆಯ ಕ್ರಮ ಮಾತ್ರ ತಿರುವುಮುರುವಾಗಿದೆ.

ತಾಂತ್ರಿಕ ವಿಭಾಗದ ಪತ್ರಿಕೆಯಲ್ಲಿ 50 ಪ್ರಶ್ನೆ, 200 ಅಂಕ, ಒಂದು ಗಂಟೆ. ಸಾಮಾನ್ಯ ಜ್ಞಾನ 10, ಗಣಿತ 15, ಭೌತಶಾಸ್ತ್ರ 15, ರಸಾಯನಶಾಸ್ತ್ರ 10. ಅಂದರೆ ಅರ್ಧ ಪತ್ರಿಕೆ ವಿಜ್ಞಾನವೇ, ಪ್ರಶ್ನೆಯೊಂದಕ್ಕೆ ಸಿಗುವುದು 72 ಸೆಕೆಂಡು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ‘ಗೊತ್ತಿಲ್ಲದ್ದನ್ನು ಮುಟ್ಟಲೇಬೇಡ’ ಎಂಬ ಬುದ್ಧಿಮಾತು ಎಲ್ಲೆಡೆ ಕೇಳಿಬರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಗುರುತಿಸಿದರೂ ಸರಾಸರಿ ಕಾಲು ಅಂಕ ಲಾಭ. ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೆ ಆ ಲಾಭ ಮೂರನೇ ಎರಡು ಅಂಕಕ್ಕೆ ಏರುತ್ತದೆ. ಆದ್ದರಿಂದ ಉತ್ತರ ಗೊತ್ತಿಲ್ಲದಿದ್ದರೂ ಯಾವುದು ಉತ್ತರವಾಗಲಾರದು ಎಂದು ತಿಳಿಯುವ ಶಕ್ತಿಗೆ ಇಲ್ಲಿ ನಿಜವಾದ ಬೆಲೆಯಿದೆ. ಆ ಶಕ್ತಿ ಬಾಯಿಪಾಠದಿಂದ ಬರುವುದಿಲ್ಲ, ವಸ್ತುವಿನ ಪರಿಚಯದಿಂದ ಬರುತ್ತದೆ.

ಮತ್ತೆ ಮೋಟರಿಗೆ ಬರೋಣ. ಮೋಟರ್ ಬರೀ ರೋಧವಲ್ಲ. ತಿರುಗುತ್ತಿರುವಾಗ ಅದರೊಳಗೆ ಹೊರಗಿನ ವಿದ್ಯುತ್ತನ್ನು ಎದುರಿಸುವ ಪ್ರೇರಿತ ವಿದ್ಯುತ್ ಹುಟ್ಟುತ್ತದೆ, ಸುರುಳಿಯ ಪ್ರವಾಹವನ್ನು ಹಿಡಿತದಲ್ಲಿಡುವುದು ಅದೇ. ಓಲ್ಟೇಜ್ ಇಳಿದಾಗ ಮೇಲೆತ್ತಬೇಕಾದ ನೀರಿನ ಭಾರವೇನೂ ಇಳಿಯುವುದಿಲ್ಲ. ಮೋಟರ್ ನಿಧಾನಿಸುತ್ತದೆ, ಎದುರಿಸುವ ಬಲ ಕುಗ್ಗುತ್ತದೆ, ಪ್ರವಾಹ ಏರುತ್ತದೆ. ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ವೈಂಡಿಂಗ್ ಸುಡುತ್ತದೆ. ಓಮ್‌ನ ನಿಯಮ ಸುಳ್ಳಾಗಲಿಲ್ಲ, ಹೊಲದ ಅನುಭವವೂ ಸುಳ್ಳಾಗಲಿಲ್ಲ. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಪಿಯುಸಿಯ ವಿದ್ಯುತ್ಕಾಂತೀಯ ಪ್ರೇರಣೆಯ ಅರ್ಧ ಅಧ್ಯಾಯ ಹುಡುಗನಿಗೆ ಒಲಿದಂತೆ.

ಇಂಥ ಪಾಠಗಳು ಈ ನೆಲದಲ್ಲಿ ಬೇಕಾದಷ್ಟಿವೆ. ತೆರೆದ ಬಾವಿಯ ಪಂಪನ್ನು ದಂಡೆಯ ಮೇಲಿಡದೆ ಒಳಗೆ ಕಟ್ಟೆಮಾಡಿ ಇಳಿಸುತ್ತಿದ್ದದ್ದೇಕೆ? ಪಂಪು ನೀರನ್ನು ಎಳೆಯುವುದಿಲ್ಲ, ಗಾಳಿಯ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯ ಮಿತಿ ಸಮುದ್ರಮಟ್ಟದಲ್ಲೇ ಸುಮಾರು 10.3 ಮೀಟರ್, ಬಳಕೆಯಲ್ಲಿ ಏಳರ ಆಸುಪಾಸು. ಅದಕ್ಕೇ ಆಳದ ಬೋರಿಗೆ ನೀರಿನಡಿಯಿಂದಲೇ ನೂಕುವ ಸಬ್‌ಮರ್ಸಿಬಲ್ ಬೇಕಾಯಿತು. ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ 9.8 ಲಕ್ಷ ಜೂಲ್, ಅಂದರೆ ಕಾಲು ಯೂನಿಟ್‌ಗಿಂತ ತುಸು ಹೆಚ್ಚು. ಪಂಪಿನಲ್ಲಾಗುವ ನಷ್ಟ ಬೇರೆ. ತುಂಗಭದ್ರೆಯಿಂದ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ನೀರೆತ್ತುವ ಯೋಜನೆಯನ್ನು ಮಕ್ಕಳ ಮುಂದಿಟ್ಟು ಕೆಲಸ, ಶಕ್ತಿ, ಸಾಮರ್ಥ್ಯದ ಲೆಕ್ಕ ಹಾಕಿಸಬಹುದು. ಚನ್ನಗಿರಿಯ ಸೂಳೆಕೆರೆ ಏರಿಯ ಬುಡ ಅಗಲ, ತಲೆ ಕಿರಿದು ಯಾಕೆ ಎಂಬ ಪ್ರಶ್ನೆಯೇ ದ್ರವದ ಒತ್ತಡದ ಪಾಠ: ಪ್ರತಿ ಮೀಟರ್ ಆಳಕ್ಕೆ ಸುಮಾರು 9.8 ಕಿಲೋಪಾಸ್ಕಲ್ ಏರುತ್ತದೆ. ಅಡಿಕೆ ಬೇಯಿಸಿದ ಚೊಗರಿಗೆ ಕಬ್ಬಿಣ ತಗುಲಿದರೆ ಕಪ್ಪಾಗುವುದು ಟ್ಯಾನಿನ್ನಿನ ರಸಾಯನಶಾಸ್ತ್ರ, ಅರಿಸಿನಕ್ಕೆ ಸುಣ್ಣ ಬಿದ್ದು ಕೆಂಪಾಗುವುದು ಪ್ರತ್ಯಾಮ್ಲದ ಸೂಚಕ.

ಅಮೆರಿಕದ ಸೇನೆಯ ಸಾಮರ್ಥ್ಯ ಪರೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1968ರಲ್ಲಿ ಶಾಲೆಗಳಲ್ಲಿ ಆರಂಭವಾಗಿ 1976ರಿಂದ ಅಲ್ಲಿನ ಎಲ್ಲ ಸೇನಾ ವಿಭಾಗಗಳೂ ಬಳಸುತ್ತಿರುವ ‘ಎಎಸ್‌ವಿಎಬಿ’ಯಲ್ಲಿ ಸಾಮಾನ್ಯ ವಿಜ್ಞಾನದ ಜೊತೆಗೆ ಇಲೆಕ್ಟ್ರಾನಿಕ್ಸ್, ವಾಹನ ಮತ್ತು ಕಾರ್ಯಾಗಾರದ ತಿಳಿವಳಿಕೆ, ಯಂತ್ರಗ್ರಹಿಕೆ ಎಂಬ ಭಾಗಗಳಿವೆ. ಗೇರು, ರಾಟೆ, ಸ್ಪ್ಯಾನರ್‌ಗಳ ಪ್ರಶ್ನೆಗಳೂ ಬರುತ್ತವೆ. ಸೇರ್ಪಡೆಯ ಅರ್ಹತಾ ಅಂಕವನ್ನು ಭಾಷೆ ಮತ್ತು ಗಣಿತದ ನಾಲ್ಕು ಭಾಗಗಳಿಂದ ತೆಗೆಯುತ್ತಾರೆ. ತಾಂತ್ರಿಕ ಭಾಗಗಳ ಅಂಕ ಯಾರಿಗೆ ಯಾವ ಕೆಲಸ ಎಂದು ನಿರ್ಧರಿಸಲು ನೆರವಾಗುತ್ತದೆ. ನಮ್ಮಲ್ಲಿ ಅಭ್ಯರ್ಥಿ ಅರ್ಜಿ ಹಾಕುವಾಗಲೇ ವಿಭಾಗ ಆರಿಸಬೇಕು, ಪರೀಕ್ಷೆ ಕೇಳುವುದು ಪಠ್ಯಪುಸ್ತಕದ ವಿಜ್ಞಾನವನ್ನು. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಬಲ್ಲವನ ಕೈಗುಣಕ್ಕೆ ಈ ಪತ್ರಿಕೆಯಲ್ಲಿ ಜಾಗವಿಲ್ಲ. ಐಟಿಐ, ಡಿಪ್ಲೊಮಾ ಓದಿದವರಿಗೆ ಹೆಚ್ಚುವರಿ ಅಂಕ ಕೊಡುವುದರಿಂದ ಈ ಕೊರತೆ ಸ್ವಲ್ಪ ತುಂಬಿದೆ. ಪೂರ್ತಿ ತುಂಬಿದೆ ಎಂದು ನಾನು ಒಪ್ಪಲಾರೆ.

ಎಲ್ಲಕ್ಕಿಂತ ಬಿಗಿಯಾದ ಗಂಟು ಭಾಷೆಯದು. 2025ರ ಭೂಸೇನೆಯ ಪ್ರವೇಶ ಪರೀಕ್ಷೆಯಲ್ಲಿ 13 ಭಾಷೆಗಳಿಗೆ ಅವಕಾಶವಾಯಿತು, ಅದರಲ್ಲಿ ಕನ್ನಡವೂ ಸೇರಿತು. ಹತ್ತನೇ ತರಗತಿ ಮುಗಿಸಿ ಜನರಲ್ ಡ್ಯೂಟಿಗೆ ಅರ್ಜಿ ಹಾಕುವ ಕನ್ನಡ ಮಾಧ್ಯಮದ ಹುಡುಗನಿಗೆ ಇದು ದೊಡ್ಡ ಬಾಗಿಲೇ ಸರಿ. ತಾಂತ್ರಿಕ ವಿಭಾಗದವನ ಪಾಡು ಬೇರೆ. ಅವನು ‘ಸಂವೇಗ’, ‘ವೇಗೋತ್ಕರ್ಷ’, ‘ವಕ್ರೀಭವನ’ ಎಂದು ಕಲಿತದ್ದು ಹೈಸ್ಕೂಲಿನಲ್ಲಿ. ಪಿಯುಸಿ ವಿಜ್ಞಾನದಲ್ಲಿ ಅವೇ ಮೊಮೆಂಟಮ್, ಆಕ್ಸಲರೇಶನ್, ರಿಫ್ರಾಕ್ಷನ್ ಆದವು. ಕೆಪಾಸಿಟರ್, ಸೆಮಿಕಂಡಕ್ಟರ್‌ಗಳನ್ನು ಅವನು ಕನ್ನಡದಲ್ಲಿ ಓದಿಯೇ ಇಲ್ಲ. ಪರೀಕ್ಷೆಗೆ ಕನ್ನಡ ಆರಿಸಿದರೆ ‘ಧಾರಕ’, ‘ಅರೆವಾಹಕ’ ಎದುರಾಗಬಹುದು. ಇಂಗ್ಲಿಷ್ ಆರಿಸಿದರೆ ಪದ ಗೊತ್ತು, ಪ್ರಶ್ನೆಯ ವಾಕ್ಯ ತೊಡಕಾಗುತ್ತದೆ. 72 ಸೆಕೆಂಡಿನಲ್ಲಿ ಈ ತೊಡಕು ಬಿಡಿಸಲು ಸಮಯವಿಲ್ಲ.

ಹಾಗಾಗಿ ಯಾವ ಭಾಷೆಯ ಪತ್ರಿಕೆ ಎಂಬ ನಿರ್ಧಾರವನ್ನು ಅಭಿಮಾನಕ್ಕೂ ಬಿಡಬಾರದು, ಅಂಜಿಕೆಗೂ ಬಿಡಬಾರದು. ಅರ್ಜಿ ಹಾಕುವ ಮೊದಲು ಒಂದೇ ಮಾದರಿ ಪತ್ರಿಕೆಯನ್ನು ಎರಡೂ ಭಾಷೆಯಲ್ಲಿ ಗಡಿಯಾರ ಇಟ್ಟು ಬರೆದು ನೋಡಬೇಕು. ಭೂಸೇನೆಯಲ್ಲಿರುವ ಈ ಆಯ್ಕೆ ಎಲ್ಲೆಡೆ ಇಲ್ಲ: ವಾಯುಸೇನೆಯ ಅಗ್ನಿವೀರ್‌ವಾಯು ಮತ್ತು ನೌಕಾಸೇನೆಯ ಪರೀಕ್ಷೆಗಳು ಇಂಗ್ಲಿಷ್, ಹಿಂದಿಯಲ್ಲಿ ನಡೆಯುತ್ತ ಬಂದಿವೆ. ವಾಯುಸೇನೆಯ ವಿಜ್ಞಾನ ವಿಭಾಗದಲ್ಲಿ 60 ನಿಮಿಷಕ್ಕೆ 70 ಪ್ರಶ್ನೆ: ಇಂಗ್ಲಿಷ್ 20, ಗಣಿತ 25, ಭೌತಶಾಸ್ತ್ರ 25. ಒಂದೇ ವರ್ಷದಲ್ಲಿ ಭೂಸೇನೆ, ವಾಯುಸೇನೆ ಎರಡರ ಪರೀಕ್ಷೆಯನ್ನೂ ಬರೆಯುವ ನ್ಯಾಮತಿಯ ಹುಡುಗನ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟಕ್ಕೂ ಮೂರು ಕಾಲಂ ಇರಲಿ: ಕನ್ನಡದ ಪಾರಿಭಾಷಿಕ ಪದ, ಇಂಗ್ಲಿಷ್ ಪದ, ಮೂರನೆಯದರಲ್ಲಿ ಅವನೇ ಕಂಡ ವಸ್ತು. ‘ವಿದ್ಯುತ್ಕಾಂತೀಯ ಪ್ರೇರಣೆ’ಯ ಎದುರು ಆ ಮೂರನೇ ಕಾಲಂನಲ್ಲಿ ಅವನು ತನ್ನ ಹೊಲದ ಟ್ರಾನ್ಸ್‌ಫಾರ್ಮರನ್ನೋ, ಕಳೆದ ಬೇಸಿಗೆಯಲ್ಲಿ ಸುಟ್ಟ ಮೋಟರನ್ನೋ ಬರೆದುಕೊಳ್ಳಲಿ.